ಪೆಟ್ರೋಲು ಅಳೆಯುವ ಕಡ್ಡಿ

ನಮ್ಮ ಮನೆಯ ಪಡಸಾಲೆಯ ಬಾಗಿಲ ಹಿಂದೆ, ಕೊಡೆಗಳ ಜೊತೆಗೆ, ಒಂದು ಬಿದಿರು ಕಡ್ಡಿ ತೂಗುತ್ತದೆ. ಮೊಳದುದ್ದದ, ಬೆರಳು ದಪ್ಪದ, ಮೈಮೇಲೆ ಚಾಕುವಿನ ಗೀರುಗಳಿರುವ ಈ ಕಡ್ಡಿಯನ್ನು ಕಂಡವರು ತಮಗೆ ತೋಚಿದಂತೆ ಊಹಿಸುತ್ತಾರೆ: ಹಾಲು ಅಳೆಯಲು ಇರಬೇಕೆಂದು ಹೈನು ಕಟ್ಟಿದವರು, ಮಕ್ಕಳನ್ನು ಹದ್ದುಬಸ್ತಿನಲ್ಲಿಡಲು ಎಂದು ಮೇಷ್ಟ್ರಾದವರು. ಎರಡೂ ಅಲ್ಲ. ಐವತ್ತರ ದಶಕದ ಕೊನೆಯ ವರ್ಷಗಳಲ್ಲಿ, ಶಿಕಾರಿಪುರದ ನಮ್ಮ ಮನೆಯಲ್ಲಿ ಜೀಪೊಂದಿದ್ದಾಗ, ಅದರ ಹೊಟ್ಟೆಯಲ್ಲಿ ಪೆಟ್ರೋಲು ಎಷ್ಟಿದೆಯೆಂದು ನೋಡುತ್ತಿದ್ದ ಕಡ್ಡಿ ಇದು. ಡ್ರೈವರ್ ಸೀಟನ್ನು ಎತ್ತಿ, ಅದರಡಿಯ ಟ್ಯಾಂಕಿನ ಮುಚ್ಚಳ ತಿರುವಿ, ಕಡ್ಡಿ ಇಳಿಬಿಟ್ಟು ತೆಗೆದರೆ ಎಲ್ಲಿಯವರೆಗೆ ಒದ್ದೆಯೋ ಅಷ್ಟು ನಮ್ಮ ಭಾಗ್ಯ. ತಳದ ಹತ್ತಿರ, ಉಳಿದೆಲ್ಲ ಗೀರುಗಳಿಗಿಂತ ಆಳವಾದದ್ದೊಂದು ಇದೆ. ಅದರ ವಿಚಾರ ಆಮೇಲೆ ಹೇಳುತ್ತೇನೆ.

ಜೀಪು ನನ್ನ ದೊಡ್ಡಪ್ಪನವರದು. ಎರಡನೇ ಮಹಾಯುದ್ಧ ಮುಗಿದು, ಸೈನ್ಯಕ್ಕೆ ಬೇಡವಾಗಿ ಹರಾಜಿಗೆ ಬಂದದ್ದನ್ನು ತಂದು, ಹೆತ್ತವರಿಗೂ ಗುರುತು ಸಿಗದ ಹಾಗೆ ಸುಧಾರಿಸಿದ್ದರು. ಕಮ್ಮಾರರು ಹಿಂಭಾಗವನ್ನು ಕತ್ತರಿಸಿ ಉದ್ದ ಮಾಡಿದರು, ಬಡಗಿಗಳು ಮತ್ತಿ ಮರದ ಹಲಗೆ ಹೊಡೆದು ಬೆಂಚು ಕೂರಿಸಿದರು, ಮೇಲೆ ನಮ್ಮ ಹಳೆಯ ಸವಾರಿ ಗಾಡಿಯ ಕಮಾನು ಬಂದು ಕೂತಿತು. ಮುಂದಿನಿಂದ ನೋಡಿದರೆ ಸೈನ್ಯ, ಹಿಂದಿನಿಂದ ನೋಡಿದರೆ ಮದುವೆ ದಿಬ್ಬಣ. ಎತ್ತಿನ ಗಾಡಿಯಿಂದ ಬಿದ್ದು ಮೊಣಕಾಲು ಮುರಿದ ಮೇಲೆ ದೊಡ್ಡಪ್ಪನವರಿಗೆ ಅಂಗಳ ದಾಟುವುದೂ ಪ್ರಯಾಸವಾಗಿತ್ತು. ನಡೆಯಲು ಸುತರಾಂ ಒಪ್ಪದ ಆ ಕಾಲು ಪೆಡಲು ತುಳಿಯಲು ಮಾತ್ರ ಎಲ್ಲಿಲ್ಲದ ಹುರುಪು ತೋರುತ್ತಿತ್ತು. ಅಂಜನಾಪುರದ ಅಣೆಕಟ್ಟಿನ ನೀರು ಹರಿಯುವ ನಮ್ಮ ಗದ್ದೆಗೂ, ಸೊರಬದಾಚೆ ನನ್ನ ಅಕ್ಕನನ್ನು ಕೊಟ್ಟ ಕುಪ್ಪಗಡ್ಡೆಗೂ ಅವರು ಹೋಗಿ ಬರುತ್ತಿದ್ದುದು ಜೀಪಿನ ಕಾಲಿನಲ್ಲೇ. ಅದು ಹೋದರೆ ಅವರು ಜಗಲಿಯ ಕಂಬಕ್ಕೆ ಒರಗಿ ದಿನ ದೂಡಬೇಕೆಂಬುದು ಮನೆಯವರಿಗೆಲ್ಲ ಗೊತ್ತಿತ್ತು.

ಅಂಗಡಿಯ ವ್ಯವಹಾರ ನೋಡುತ್ತಿದ್ದ ನನ್ನ ಅಪ್ಪ, ದೊಡ್ಡಪ್ಪನವರ ತಮ್ಮ, ಬಹಳ ಕಾಲ ಸಹಿಸಿದರು. ಕೊನೆಗೊಮ್ಮೆ ಊಟದ ಹೊತ್ತಿನಲ್ಲಿ ಹೇಳಿಯೇಬಿಟ್ಟರು: “ಅಣ್ಣಾ, ಇದು ಎಮ್ಮೆ ನೀರು ಕುಡಿದಂಗೆ ಕುಡಿತೈತಿ. ಒಂದು ಡಬ್ಬಿ ಪೆಟ್ರೋಲಿನಾಗೆ ಕುಪ್ಪಗಡ್ಡೆಗೆ ಹೋಗಿ ಬಂದ್ರೆ ಮನ್ಯಾಗಿರ್ಲಿ. ಇಲ್ಲಾಂದ್ರೆ ಕೇಳ್ದೋರಿಗೆ ಕೊಟ್ಟುಬಿಡಾಣ.” ಅಲ್ಲಿಯವರೆಗೆ ಒಂದು ಡಬ್ಬಿ ನಮ್ಮನ್ನು ಕುಪ್ಪಗಡ್ಡೆ ಮುಟ್ಟಿಸಿದರೇ ಪುಣ್ಯ ಎಂಬಂತಿತ್ತು. ದೊಡ್ಡಪ್ಪ ತಟ್ಟೆಯಲ್ಲಿದ್ದ ರೊಟ್ಟಿಯನ್ನು ತಿನ್ನದೆ ಮುರಿಯುತ್ತ ಕೂತರು. ನಾನು ಸರಿಮಾಡಿ ಕೊಡುತ್ತೇನೆ ಎಂದು ಅಲ್ಲೇ ಹೇಳಿದೆ. ಇಪ್ಪತ್ತು ದಾಟಿದವನಿಗೆ ಲೋಕದಲ್ಲಿ ರಿಪೇರಿಯಾಗದ ಯಂತ್ರವೇ ಇರುವುದಿಲ್ಲ, ನೋಡಿ.

ಮೊಣಕಾಲಿಗೆ ಕುಲುಕಾಟ ತಾಗದಿರಲೆಂದು ದೊಡ್ಡಪ್ಪ ಗಾಲಿಗಳಲ್ಲಿ ಅರೆಗಾಳಿ ಇಟ್ಟಿದ್ದರು. ನಾನು ಪಂಪು ಒತ್ತಿ ಅವನ್ನು ಬಿಗಿ ಮಾಡಿ, ಸೀಟಿಗೆ ಹತ್ತಿಯ ದಿಂಬು ಹಾಕಿ ಮೊಣಕಾಲನ್ನು ಸಮಾಧಾನಪಡಿಸಿದೆ. ಕೆಂಪು ದೂಳು ಮೆತ್ತಿ ಉಸಿರುಗಟ್ಟಿದ್ದ ಏರ್ ಫಿಲ್ಟರನ್ನು ತೊಳೆದೆ. ಜೀಪು ಎಲ್ಲಿ ಹೂತುಹೋಗುತ್ತದೋ ಎಂದು ಸದಾ ಹೊತ್ತು ತಿರುಗುತ್ತಿದ್ದ ಹಾರೆ, ಸರಪಣಿ, ಹಳೆಯ ನೊಗ ಎಲ್ಲವನ್ನೂ ಇಳಿಸಿದೆ. ಆದರೆ ನಿಜವಾದ ಕಳ್ಳ ಬೇರೆಯೇ ಇದ್ದ. ಮುಂದಿನ ಗಾಲಿಗಳಿಗೂ ಎಂಜಿನ್ನಿನ ಬಲ ಕೊಡುವ ಒಂದು ಸಣ್ಣ ಹಿಡಿಕೆ ಜೀಪಿನಲ್ಲಿರುತ್ತದೆ. ಕೆಸರಿಗೆ, ದಿಬ್ಬಕ್ಕೆ ಬೇಕಾದದ್ದು. ಅಂಜನಾಪುರದ ಕಾಲುವೆ ಕೆಲಸಕ್ಕೆ ಬರುತ್ತಿದ್ದ ಇನ್ನೊಂದು ಜೀಪಿನವನು ಕೆಸರಿನಿಂದ ಗಟ್ಟಿ ರಸ್ತೆಗೆ ಏರಿದೊಡನೆ ಅದನ್ನು ಬಿಡಿಸುತ್ತಿದ್ದುದನ್ನು ನೋಡಿದ್ದೆ. ನಮ್ಮ ಜೀಪಿನಲ್ಲೋ, ಅದು ಮನೆಗೆ ಬಂದಾಗಿನಿಂದ ಹಾಕಿದಲ್ಲೇ ಇತ್ತು. ಆಯುಷ್ಯವೆಲ್ಲ ಎತ್ತಿನ ಗಾಡಿ ಹೊಡೆದ ದೊಡ್ಡಪ್ಪನವರ ನ್ಯಾಯವೇ ಬೇರೆ. “ಹಿಂದಿನವು ದುಡೀಬೇಕು, ಮುಂದಿನವು ಸುಮ್ನೆ ಉರುಳ್ಕೊಂಡು ಬರಬೇಕು ಅಂದ್ರೆ ಹೆಂಗೋ? ನೊಗಕ್ಕೆ ಕಟ್ಟಿದ ಮ್ಯಾಗೆ ಎಲ್ಲಾವೂ ಎಳೀಬೇಕು,” ಎಂದರು.

ನಾನು ಯಂತ್ರದ ಪಾಠ ಹೇಳಹೋಗಲಿಲ್ಲ. ನಮ್ಮ ಕಡೆ ಹೇರು ತುಂಬಿದ ಗಾಡಿ ಏರು ಹತ್ತಬೇಕಾದಾಗ, ಹಿಂದಿನ ಗಾಡಿಯ ಎತ್ತುಗಳನ್ನು ತಂದು ಮುಂದೊಂದು ಜೋಡಿ ಹೆಚ್ಚಿಗೆ ಕಟ್ಟುವುದುಂಟು. “ದೊಡ್ಡಪ್ಪಾ, ಏರು ಹತ್ತಿದ ಮ್ಯಾಗೆ ಆ ಮುಂದಿನ ಜೋಡಿ ಬಿಚ್ತೀರೋ ಇಲ್ವೋ?” ಎಂದು ಕೇಳಿದೆ. ಅವರು ಹಿಡಿಕೆಯ ಮೇಲೆ ಕೈಯಿಟ್ಟರು. “ಇಷ್ಟು ದಿನ ಸುಮ್ಸುಮ್ನೆ ಕಟ್ಟಿ ಹೊಡೆದ್ನಲ್ಲೋ,” ಎಂದರು, ಮೂಕಪ್ರಾಣಿಗಳಿಗೆ ಮರುಗಿದ ಹಾಗೆ. ಆಮೇಲೆ ತಮ್ಮ ಕೈಯಾರೆ ಅದನ್ನು ಬಿಡಿಸಿದರು.

ಟ್ಯಾಂಕು ಬರಿದು ಮಾಡಿ, ಅಪ್ಪನ ಎದುರಿಗೇ ಒಂದು ಡಬ್ಬಿ ಸುರಿದು ಹೊರಟೆವು. ದೊಡ್ಡಪ್ಪ ನಡೆಸುವವರು, ನಾನು ಕಡ್ಡಿ ಹಿಡಿದವನು. ದಾರಿಯಲ್ಲಿ ಪರಿಚಯದವರು ಕಂಡರೆ ನಿಲ್ಲಿಸಿ, ಎಲ್ಲಿಗೆ ಏನು ಎಂದು ಕೇಳದೆ ಮುಂದೆ ಹೋಗುವುದು ದೊಡ್ಡಪ್ಪನವರ ಜಾಯಮಾನವಲ್ಲ. ಅಷ್ಟು ಹೊತ್ತೂ ಎಂಜಿನ್ನು ಗುಡುಗುಡು ಎಂದು ಪೆಟ್ರೋಲು ಹೀರುತ್ತಿರುತ್ತಿತ್ತು, ಏಕೆಂದರೆ ಆರಿಸಿದರೆ ಮತ್ತೆ ಚಾಲೂ ಮಾಡಲು ಇಳಿದು ಮುಂದಿನಿಂದ ಹ್ಯಾಂಡಲು ತಿರುಗಿಸಬೇಕು. ಆ ದಿನ ನಿಲ್ಲಿಸಿದಲ್ಲೆಲ್ಲ ಆರಿಸಿ, ಹ್ಯಾಂಡಲು ನಾನೇ ತಿರುಗಿಸಿದೆ. ಸದ್ದಡಗಿದಾಗ ಮಾತು ಎಷ್ಟು ಚೆನ್ನಾಗಿ ಕೇಳುತ್ತದೆಯೆಂದು ದೊಡ್ಡಪ್ಪನವರಿಗೇ ಆಶ್ಚರ್ಯ. ಇಷ್ಟು ವರ್ಷ ಅವರು ಕುಶಲ ಕೇಳಿದ್ದರೇ ಹೊರತು ಉತ್ತರ ಕೇಳಿಸಿಕೊಂಡಿರಲಿಲ್ಲ.

ಕುಪ್ಪಗಡ್ಡೆಯಲ್ಲಿ ಅಕ್ಕನ ಕೈಯ ಊಟ ಮುಗಿಸಿ, ಸೊರಬ ದಾಟಿ ಹಿಂದಿರುಗುವಾಗ ಕಡ್ಡಿ ಇಳಿಸಿ ನೋಡಿದೆ. ಮನೆ ಮುಟ್ಟುವಷ್ಟು ಇತ್ತು. ಗೆದ್ದೆವೆಂದುಕೊಂಡೆ. ಅಷ್ಟರಲ್ಲಿ ಬಳ್ಳಿಗಾವಿಯ ಕಡೆಗೆ ದಾರಿ ಕವಲೊಡೆಯುವಲ್ಲಿ, ದೊಡ್ಡಪ್ಪನವರ ಹಳೆಯ ಗೆಳೆಯರಾದ, ಆ ಊರಿನ ರುದ್ರಪ್ಪನವರು ಬಿತ್ತನೆ ಭತ್ತದ ಚೀಲವನ್ನು ಕಾಲ ಬಳಿ ಇಟ್ಟುಕೊಂಡು ಕೂತಿದ್ದರು. ಬಸ್ಸಿನಿಂದಿಳಿದು ಇಲ್ಲಿಯವರೆಗೆ ಹೊತ್ತು ತಂದು, ಇನ್ನು ಎತ್ತಲಾರದೆ ಕೂತವರು. ನಾನು ಕಡ್ಡಿ ಒದ್ದೆಯಾಗಿದ್ದಲ್ಲಿ ಬೆರಳಿಟ್ಟು ದೊಡ್ಡಪ್ಪನವರ ಕಣ್ಣ ಮುಂದೆ ಹಿಡಿದೆ. ಅವರು ಕಡ್ಡಿಯನ್ನು ನೋಡಿದರು, ಚೀಲವನ್ನು ನೋಡಿದರು.

“ನಿಮಗೆ ಸುತ್ತಾಗ್ತೈತಿ, ಬ್ಯಾಡ್ರೀ,” ಎಂದರು ರುದ್ರಪ್ಪ.

“ಆದ್ರೆ ಆಗ್ಲಿ, ಹತ್ರೀ,” ಎಂದರು ದೊಡ್ಡಪ್ಪ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬಳ್ಳಿಗಾವಿಗೆ ಹೋಗಿ ಬರುವವರೆಗೂ ಮುಖ ತಿರುಗಿಸಿ ಕೂತಿದ್ದೆ. ನಮ್ಮೂರು ಕಣ್ಣಿಗೆ ಬಿದ್ದ ಮೇಲೆ, ಕೆರೆ ಏರಿಯ ಹತ್ತಿರ, ಜೀಪು ಕೆಮ್ಮಿ ನಿಂತಿತು. ಹೊಲದಿಂದ ಬರುತ್ತಿದ್ದವರ ಎತ್ತುಗಳನ್ನು ಕಟ್ಟಿ ಎಳೆಸಿಕೊಂಡು ಮನೆ ಮುಟ್ಟಿದೆವು. ದೊಡ್ಡಪ್ಪ ಸ್ಟಿಯರಿಂಗ್ ಹಿಡಿದು ತಲೆತಗ್ಗಿಸಿ ಕೂತಿದ್ದರು. ಅಪ್ಪ ಜಗಲಿಯಿಂದಿಳಿದು ಬಂದು ನನ್ನನ್ನು ವಿಚಾರಿಸಿದರು, ನಡೆದದ್ದನ್ನೆಲ್ಲ ಹೇಳಿದೆ. “ಬಳ್ಳಿಗಾವಿಗೆ ಹೋಗಿದ್ದೂ ಅದೇ ಡಬ್ಬಿನಾಗೇನು?” ಎಂದರು. ಹೌದೆಂದೆ. “ಹಂಗಾದ್ರೆ ಆ ಸುತ್ತು ಇಲ್ದಿದ್ರೆ ಮನೆ ಮುಟ್ತಿತ್ತು, ಕುಪ್ಪಗಡ್ಡೆ ಲೆಕ್ಕ ಸರಿಹೋಗೈತಿ. ಅಣ್ಣಾ, ಇಳೀರಿ, ಕಾಲು ನೋಯ್ತಿರಬೇಕು,” ಎಂದು ತಾವೇ ಹೆಗಲು ಕೊಟ್ಟರು. ಜೀಪು ಉಳಿಯಿತು.

ಉಳಿತಾಯವೆಂದರೆ ಕೈ ಬಿಗಿ ಹಿಡಿಯುವುದೆಂದು ನಾನು ಅಂದಿನವರೆಗೆ ತಿಳಿದಿದ್ದೆ. ಬೇಡದ ಕಡೆ ಕಟ್ಟಿದ್ದನ್ನು ಬಿಚ್ಚಿದ್ದರಿಂದಲ್ಲವೇ ಬೇಕಾದ ಕಡೆ ತಿರುಗಲು ನಮ್ಮಲ್ಲಿ ಪೆಟ್ರೋಲಿದ್ದದ್ದು? ರಿಪೇರಿಗೆ ಮುಂಚಿನ ಜೀಪಾಗಿದ್ದರೆ ರುದ್ರಪ್ಪನವರನ್ನು ಕಾಣುವ ಮೊದಲೇ ಎಲ್ಲೋ ನಿಂತಿರುತ್ತಿತ್ತು. ಇದನ್ನು ನಾನು ಖಂಡಿತವಾಗಿ ಹೇಳಬಲ್ಲೆ: ಉಳಿಸಿದ್ದು ಯಾರಿಗಾಗಿ ಎಂದು ಗೊತ್ತಿಲ್ಲದವನಿಗೆ ಉಳಿಸುವ ವಿದ್ಯೆ ಅರ್ಧವೇ ಬಂದಿರುತ್ತದೆ.

ಮರುದಿನ ಬೆಳಿಗ್ಗೆ ದೊಡ್ಡಪ್ಪ ಕಡ್ಡಿಯನ್ನು ತೊಡೆಯ ಮೇಲಿಟ್ಟುಕೊಂಡು, ತಳದ ಹತ್ತಿರ, ಬಳ್ಳಿಗಾವಿಗೆ ಹೋಗಿ ಬರುವಷ್ಟಕ್ಕೆ ಆ ಆಳವಾದ ಗೀರು ಕೊರೆದರು. “ಇದು ನಮ್ದಲ್ಲ, ದಾರ್ಯಾಗೆ ಸಿಗೋರ್ದು. ಇದರ ಕೆಳಗೆ ಇಳೀಗೊಡಬ್ಯಾಡ,” ಎಂದರು.

ಈಗ ಜೀಪೂ ಇಲ್ಲ, ದೊಡ್ಡಪ್ಪನವರೂ ಇಲ್ಲ. ಹೊರಡುವ ಅವಸರದಲ್ಲಿ ಕೊಡೆಗೆ ಕೈ ಹಾಕಿದಾಗ ಹೆಬ್ಬೆರಳು ತಾನಾಗಿ ಆ ಗೀರನ್ನು ಸವರುತ್ತದೆ. ಅಷ್ಟರಲ್ಲಿ ಬಾಗಿಲಿಗೆ ಯಾರಾದರೂ ಬಂದು ನಿಂತಿದ್ದರೆ, ಕೊಡೆಯನ್ನು ಮತ್ತೆ ಕಡ್ಡಿಯ ಪಕ್ಕ ತೂಗುಹಾಕಿ, ಬನ್ನಿ, ಕೂತುಕೊಳ್ಳಿ ಎನ್ನುತ್ತೇನೆ.