ಅಂಗಡಿ ಪೆಟ್ಟಿಗೆಯಲ್ಲಿ ಇಲ್ಲದ ಆರನೇ ಸ್ಟೇಜು

ಸರೋಜ, ಆ ಭಾನುವಾರ ಟಿವಿ ಗೇಮು ಕೆಟ್ಟದ್ದು ಅದರ ವೈರ್‌ಗೆ ನಿನ್ನ ಕಾಲು ತಾಕಿ ಅಲ್ಲ. ಹಿತ್ತಲಿಗೆ ಹೋಗಿ ಬೋರಿನ ಮೋಟಾರು ಹಾಕಿದವಳು ನಾನು. ತೊಟ್ಟಿ ತುಂಬಿತ್ತು, ನೀರು ಬೇಕಿರಲಿಲ್ಲ. ಏನಾಗುತ್ತದೆಂದು ಗೊತ್ತಿದ್ದೇ ಹಾಕಿದೆ.

ಇಷ್ಟು ಬರೆಯುವುದರೊಳಗೆ ಎರಡು ಸಲ ಎದ್ದು ಹೋದೆ. ಒಂದು ಸಲ ಹಾಲು ಉಕ್ಕೀತೆಂದು, ಇನ್ನೊಂದು ಸಲ — ಸುಮ್ಮನೆ. ಬಾಯಲ್ಲಿ ಹೇಳಹೊರಟರೆ ನಾನು ಅರ್ಧಕ್ಕೆ ನಿಲ್ಲಿಸಿಬಿಡುತ್ತೇನೆ, ಇಲ್ಲಾ ಸಿಹಿ ಬೆರೆಸುತ್ತೇನೆ. ನನ್ನ ಗುಣ ನನಗೆ ಗೊತ್ತು. ಅದಕ್ಕೇ ಬರೆದು ತರುತ್ತಿದ್ದೇನೆ. ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ. ಇದನ್ನು ನಿನ್ನ ಮಗನೂ ಸೊಸೆಯೂ ಕೇಳಬೇಕು, ಅವರಿಗೆ ಆ ಕಾಲದ ಹಿಂದೂಪುರದ ಮನೆ ಗೊತ್ತಿಲ್ಲ.

ಆಗ ಎಲ್ಲರೂ ಒಟ್ಟಿಗೇ ಇದ್ದೆವು. ಅತ್ತೆ, ಮಾವ, ನಾವಿಬ್ಬರು, ನೀನು, ನಿನ್ನ ಗಂಡ ಗೋಪಾಲ. ನಾನು ರೊದ್ದಂ ಕಡೆಯ ಹಿರಿಸೊಸೆ, ನೀನು ಕಲ್ಯಾಣದುರ್ಗದಿಂದ ಬಂದ ಕಿರಿಸೊಸೆ. ಸ್ಟೇಷನ್ ರೋಡಿನಲ್ಲಿ ನಮ್ಮೆಜಮಾನರದು ವಿಡಿಯೋ ಗೇಮ್ ಅಂಗಡಿ. ಅಂಗಡಿ ಅಂದರೆ ಮತ್ತೇನಿಲ್ಲ, ಬೀರುವಿನಷ್ಟು ಎತ್ತರದ ಒಂದು ಪೆಟ್ಟಿಗೆ. ಬೆಂಗಳೂರಲ್ಲಿ ಹಳೇದು ನೋಡಿ ಕೊಂಡು, ಚಿಲಮತ್ತೂರಿನ ದಾರಿಯಾಗಿ ಲಾರಿಯಲ್ಲಿ ತರಿಸಿದ್ದು. ಬಿಲ್ಲೆ ಹಾಕಿದರೆ ಕತ್ತಿ ಹಿಡಿದ ಪುಟ್ಟ ಸಿಪಾಯಿಯೊಬ್ಬ ಓಡುತ್ತಾನೆ. ಕಾಡು, ಗುಹೆ, ಸೇತುವೆ, ಕೋಟೆ, ಕೊನೆಗೆ ಕೋಟೆಯೊಳಗಿನ ರಾಕ್ಷಸ — ಐದು ಸ್ಟೇಜು. ನಿನ್ನ ಭಾವ ದಿನಾ ಬೆಳಿಗ್ಗೆ ಅದರ ಗಾಜು ಒರೆಸಿ, ಊದುಬತ್ತಿ ಹಚ್ಚಿದ ಮೇಲೇ ಷಟರು ಪೂರ್ತಿ ಎತ್ತುತ್ತಿದ್ದರು. ಹೆಂಗಸರು ಆ ಅಂಗಡಿಗೆ ಹೋಗುವ ಪದ್ಧತಿ ಇರಲಿಲ್ಲ. ಆಯುಧಪೂಜೆಗೆ ಕುಂಕುಮ ಇಡಲು ಹೋದಾಗ ನಾನು ನೋಡಿದ್ದು, ಅಷ್ಟೇ; ಉಳಿದದ್ದು ನಿನ್ನ ಭಾವ ಊಟಕ್ಕೆ ಕೂತಾಗ ಹೇಳುತ್ತಿದ್ದದ್ದು.

ಆಮೇಲೆ ಗೋಪಾಲ ಮನೆಗೆ ಟಿವಿ ಗೇಮು ತಂದ. ಎರಡು ಅಂಗೈ ಸೇರಿಸಿದಷ್ಟು ಡಬ್ಬಿ, ಅದರ ಮೇಲೊಂದು ಕ್ಯಾಸೆಟ್ಟು ಸಿಕ್ಕಿಸುವುದು. ಅದರಲ್ಲೂ ಅದೇ ಸಿಪಾಯಿ, ಅದೇ ಕಾಡು. ನಿನ್ನ ಭಾವ ನೋಡಿ ನಕ್ಕರು. “ಇದು ನಮ್ಮ ಒರಿಜಿನಲ್ ಹಾಕಿದ ಮರಿ ಕಣ್ಲಾ ಗೋಪಾಲ. ಮರಿಗೆ ಕೊಂಬು ಬರಲ್ಲ.”

ಅವರ ಮಾತು ಪೂರ್ತಿ ಸುಳ್ಳೂ ಅಲ್ಲ. ಅಂಗಡಿಯದರಲ್ಲಿ ಬಣ್ಣ ಹೆಚ್ಚು, ಸದ್ದು ಎದೆಗೆ ಬಡಿಯುತ್ತಿತ್ತು. ಮನೆಯದು ಬಡವರ ಮನೆ ರಂಗೋಲಿಯ ಹಾಗೆ ಪೇಲವ. ಆದರೆ ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ನೀನು ಆಡಲು ಕೂತರೆ, ನಾನು ಪಕ್ಕದಲ್ಲಿ ಹುಣಸೆಹಣ್ಣು ಬಿಡಿಸುತ್ತಾ ನೋಡುತ್ತಿದ್ದೆನಲ್ಲ — ನೋಡ್ತಾ ನೋಡ್ತಾ ನನಗೇ ತಿಳಿಯಿತು. ಅಂಗಡಿಯಲ್ಲಿ ಸಿಪಾಯಿ ಕಣ್ಣು ಮಿಟುಕಿಸುವುದರೊಳಗೆ ಸಾಯುತ್ತಾನೆ. ಮನೆಯಲ್ಲಿ ಅವನಿಗೆ ಉಸಿರು ತಿರುಗಿಸಿಕೊಳ್ಳಲು ಬಿಡುವಿತ್ತು. ಗುಹೆಯೊಳಗೆ ಅಂಗಡಿಯದರಲ್ಲಿಲ್ಲದ ಒಂದು ಸಂದಿಬಾಗಿಲು, ಆಚೆ ಒಂದು ಬಾವಿ, ನೀರು ಕುಡಿದರೆ ಜೀವ ತುಂಬುತ್ತಿತ್ತು. ಸೇತುವೆ ಮೇಲೂ ಹೋಗಬಹುದು, ಕೆಳಗೂ ಇಳಿಯಬಹುದು. ಅಂಗಡಿಯ ಆಟ ಹುಡುಗರನ್ನು ಬೇಗ ಎಬ್ಬಿಸಿ ಇನ್ನೊಂದು ಬಿಲ್ಲೆ ಹಾಕಿಸಲು ಮಾಡಿದ್ದು. ಮನೆಯದು, ಬಂದವರನ್ನು ಕೂರಿಸಿಕೊಳ್ಳಲು. ನಾನೂ ಒಂದೆರಡು ಸಲ ಆಡಿ ನೋಡಿದ್ದೆ, ನನ್ನ ಸಿಪಾಯಿ ಗುಹೆ ದಾಟಿದ್ದೇ ಇಲ್ಲ, ಆದರೂ ಇದು ನನಗೆ ತಿಳಿಯಿತು.

ಮತ್ತೆ ಆ ಆರನೇ ಸ್ಟೇಜು. ಅಂಗಡಿಯಲ್ಲಿ ರಾಕ್ಷಸ ಸತ್ತರೆ ತಿರುಗಿ ಅದೇ ಕಾಡು ಶುರು, ಇನ್ನೂ ಜೋರಾಗಿ. ಮನೆಯದರಲ್ಲಿ ಕೋಟೆಯ ಹಿಂಬಾಗಿಲು ತೆರೆಯಿತು. ಹೊಳೆ, ಒಂದು ದೋಣಿ. ಶತ್ರು ಯಾರೂ ಇಲ್ಲ. ಎಡಕ್ಕೊಂದು ಬಲಕ್ಕೊಂದು ಗುಂಡಿ ಒತ್ತುತ್ತಾ ಹುಟ್ಟು ಹಾಕಬೇಕು. ಆಚೆ ದಡದಲ್ಲಿ ಒಂದು ಹಳ್ಳಿ, ಮನೆಮನೆಯಲ್ಲೂ ದೀಪ. ಸಿಪಾಯಿ ಮೊದಲ ಮನೆಯ ಮುಂದೆ ಕತ್ತಿ ಇಟ್ಟು ಒಳಗೆ ಹೋಗುತ್ತಾನೆ. ನೀನು ಅಲ್ಲಿಗೆ ಮೊದಲ ಸಲ ಮುಟ್ಟಿದಾಗ ನನ್ನ ಕಡೆ ತಿರುಗಿದೆ. “ಅಕ್ಕಾ, ಇವ್ನಿಗೂ ಒಂದು ಮನೆ ಐತೆ ನೋಡು” ಅಂದೆ. ನನ್ನ ಕಣ್ಣಲ್ಲಿ ನೀರು. ಆ ಹಳ್ಳಿಯನ್ನು ನೋಡಿದವರು ನಮ್ಮ ಮನೆಯಲ್ಲಿ ನಾವಿಬ್ಬರೇ.

ಆ ಆಟಕ್ಕೆ ಒಂದೇ ಭಯ ಇತ್ತು — ಮೋಟಾರು. ಹಿತ್ತಲಲ್ಲಿ ಸ್ಟಾರ್ಟರ್ ಒತ್ತಿದರೆ ಮನೆಯೊಳಗೆ ವೋಲ್ಟೇಜು ಬಿದ್ದು, ಟಿವಿ ಚಿತ್ರ ಕುಗ್ಗಿ, ಆಟ ಮೊದಲಿಂದ ಶುರುವಾಗುತ್ತಿತ್ತು. “ಅಕ್ಕಾ, ಈಗ ಮೋಟ್ರು ಹಾಕ್ಬ್ಯಾಡ, ಇವ್ನು ಸತ್ತೋಯ್ತಾನೆ!” ಅಂತ ನೀನು ಕೂಗುತ್ತಿದ್ದೆ. ನಾನು ಕಾಯುತ್ತಿದ್ದೆ. ಎಷ್ಟು ಮಧ್ಯಾಹ್ನ ಕಾದಿದ್ದೇನೋ.

ಊರಲ್ಲಿ ಮನೆಮನೆಗೆ ಟಿವಿ ಗೇಮು ಬಂತು, ಅಂಗಡಿಗೆ ಹುಡುಗರು ಕಡಿಮೆಯಾದರು. ಆಗ ಗೋಪಾಲ ಹೇಳಿದ: ದೊಡ್ಡ ಪೆಟ್ಟಿಗೆ ತೆಗೆದು ನಾಲ್ಕು ಟಿವಿ ಇಡೋಣ, ಗಂಟೆ ಲೆಕ್ಕದಲ್ಲಿ ಆಡಿಸೋಣ. ಮಧ್ಯಾಹ್ನ ಪರದೆ ಹಾಕಿ ಹೆಣ್ಣುಮಕ್ಕಳಿಗೂ ಬಿಡೋಣ, ಸರೋಜ ಕೂತು ಹೇಳಿಕೊಡ್ತಾಳೆ. ನಿನ್ನ ಭಾವ ಊಟದ ತಟ್ಟೆ ತಳ್ಳಿ ಎದ್ದರು. “ಒರಿಜಿನಲ್ ಮುಂದೆ ಡೂಪ್ಲಿಕೇಟ್ ಇಡ್ತೀಯೇನ್ಲಾ?”

ನ್ಯಾಯ ಮಾವನ ಮುಂದೆ ಹೋಯಿತು. ಮಾವ ಬೆಲ್ಲದ ಮಂಡಿಯಲ್ಲಿ ತಲೆ ಬೆಳ್ಳಗೆ ಮಾಡಿಕೊಂಡವರು. “ಎರಡು ಅಚ್ಚೂ ಬಾಯಿಗೆ ಹಾಕ್ಕೊಂಡ್ಮೇಲೇನೇ ನಾನು ಮಾತಾಡೋದು” ಅಂದರು.

ಭಾನುವಾರ ಬೆಳಿಗ್ಗೆ ಅಂಗಡಿಗೆ ಹೋಗಿ ದೊಡ್ಡ ಮಗನ ಆಟ ನೋಡಿ ಬಂದರು. ಚೆನ್ನಾಗಿಯೇ ಆಡಿದರಂತೆ, ರಾಕ್ಷಸನನ್ನೂ ಕೊಂದರಂತೆ. “ಆಮೇಲೆ ಮತ್ತೆ ಅದೇ ಕಾಡು ಬಂದ್ಬುಡ್ತಲ್ಲಪ್ಪ, ಗಾಣದ ಎತ್ತಿನಂಗೆ” ಅಂದರು, ಕಾಲು ತೊಳೆಯುತ್ತಾ. ನಿನ್ನ ಭಾವನ ಮುಖ ನೋಡಿದೆ ನಾನು.

ಮಧ್ಯಾಹ್ನ ಮನೆಯಲ್ಲಿ ನಿನ್ನ ಸರದಿ. ಚಾಪೆ ಮೇಲೆ ಕೂತು ಮುಕ್ಕಾಲು ಗಂಟೆ ಆಡಿದೆ. ಮಾವ ಕುರ್ಚಿ ಮುಂದಕ್ಕೆ ಎಳೆದುಕೊಂಡೇ ಎಳೆದುಕೊಂಡರು. ಬಾವಿ ಕಂಡಾಗ “ಚೂಡು, ನೋಡು! ಇದು ಅಲ್ಲಿರ್ಲಿಲ್ಲ!” ಅಂತ ತೆಲುಗಲ್ಲೂ ಕನ್ನಡದಲ್ಲೂ ಕೂಗಿದರು. ಅತ್ತೆ ಬಾಗಿಲಿಗೆ ಒರಗಿ, “ಸೊಸೆ ಅಡುಗೇಲಿ ಇಷ್ಟು ಗ್ಯಾನ ಇಟ್ಟಿದ್ರೆ ಸಾರಿಗೆ ಉಪ್ಪಾದ್ರೂ ಬೀಳ್ತಿತ್ತು” ಅಂದರು. ಎಲ್ಲರೂ ನಕ್ಕರು, ನೀನೂ ನಕ್ಕೆ, ಕಣ್ಣು ಮಾತ್ರ ಟಿವಿ ಬಿಡಲಿಲ್ಲ. ರಾಕ್ಷಸ ಬಿದ್ದ. ಹಿಂಬಾಗಿಲು ತೆರೆಯಿತು. ಹೊಳೆ ಕಂಡಿತು. ಮಾವ ಎದ್ದೇ ನಿಂತರು, ಗೋಡೆಗೆ ಒರಗಿದ್ದ ನಿನ್ನ ಭಾವನೂ ಮುಂದಕ್ಕೆ ಬಾಗಿದರು.

ಮುಂದೇನು ಬರುತ್ತದೆಂದು ನನಗೆ ಗೊತ್ತಿತ್ತು. ಆ ದೀಪಗಳನ್ನು ನೋಡಿದರೆ ಮಾವ ಇನ್ನೊಂದು ಮಾತಾಡುವುದಿಲ್ಲವೆಂದೂ ಗೊತ್ತಿತ್ತು. ನಾನು ಎದ್ದೆ. ಕಾಫಿಗೆ ಹೋಗುವವಳ ಹಾಗೆ ಎದ್ದೆ, ಸರೋಜ. ಅಡುಗೆಮನೆ ದಾಟಿ ಹಿತ್ತಲಿಗೆ ಹೋಗಿ ಸ್ಟಾರ್ಟರ್ ಒತ್ತಿದೆ, ಹತ್ತು ಎಣಿಸುವುದರೊಳಗೆ ಆರಿಸಿದೆ. ಮೋಟಾರು ಬೋರಿನ ಆಳದಲ್ಲಿತ್ತು, ಒಳಗೆ ಯಾರಿಗೂ ಸದ್ದು ಕೇಳುವಂತಿರಲಿಲ್ಲ.

ವಾಪಸು ಬಂದಾಗ ಟಿವಿಯಲ್ಲಿ ಮೊದಲಿನ ಕಾಡಿತ್ತು. ಗೋಪಾಲ “ಕರೆಂಟು ಕಣಪ್ಪ, ವೋಲ್ಟೇಜು ಬಿತ್ತು” ಅನ್ನುತ್ತಿದ್ದ. ನೀನು ಜೋಮು ಹಿಡಿದ ಕಾಲನ್ನು ಆಗಷ್ಟೇ ಚಾಚಿದ್ದೆ. ಪಾದ ವೈರಿನ ಹತ್ತಿರ ಇತ್ತು — ಹತ್ತಿರ ಇತ್ತು, ಅಷ್ಟೇ.

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಕರೆಂಟಿನ ಮೇಲೆ ಹೋಗುತ್ತಿತ್ತು, ಇನ್ನೊಂದು ದಿನ ನೀನು ಆಡಿ ತೋರಿಸುತ್ತಿದ್ದೆ. ನಾನು ಬಾಯಿ ತೆರೆದೆ.

“ಕರೆಂಟು ಸರಿಯಾಗೇ ಐತಲ್ಲಪ್ಪ, ಅಡುಗೆಮನೆ ಬಲ್ಬು ಅಲ್ಲಾಡ್ಲಿಲ್ಲ. ನಿನ್ನ ಕಾಲೇ ತಾಕಿರ್ಬೇಕು ಕಣಮ್ಮ ಸರೋಜ.”

ನೀನು ಕಾಲು ಹಿಂದಕ್ಕೆ ಎಳೆದುಕೊಂಡೆ. ನನ್ನ ಮಾತನ್ನು ಒಂದು ಗಳಿಗೆಯೂ ಅನುಮಾನಿಸಲಿಲ್ಲ ನೀನು. “ಹೌದೇನೋ ಅಕ್ಕಾ... ಇನ್ನೊಂದ್ಸಲ ಆಡ್ತೀನಿ ಮಾವ” ಅಂದೆ. ಮಾವ ಮೇಲುವಸ್ತ್ರ ಕೊಡವಿಕೊಂಡರು. “ಬ್ಯಾಡಮ್ಮ. ಕಾಲು ತಾಕಿದ್ರೆ ಪ್ರಾಣ ಬಿಡೋ ಡಬ್ಬಿ ನಂಬ್ಕೊಂಡು ಬೀದಿ ಹುಡುಗರನ್ನ ಕೂರ್ಸಕ್ಕಾಯ್ತದಾ?” ಅತ್ತೆ ಅಂದ ಮಾತನ್ನು ನಾನು ಬರೆಯಬೇಕಿಲ್ಲ. ನಿನ್ನ ಸೊಸೆಗೆ ಗೊತ್ತಿರಲೆಂದು ಬರೆಯುತ್ತೇನೆ: “ಇವಳ ಕಾಲ್ಗುಣವೇ ಅಂಥದ್ದು.”

ಅವತ್ತು ಸಂಜೆ ದೀಪ ಹಚ್ಚಿದೆ. ನಿನಗೆ ಗೊತ್ತು, ದೀಪದ ಮುಂದೆ ನಿಂತು ಅವತ್ತು ಸ್ವಾಮಿ ಮಾಡಿದ ಒಳ್ಳೇದನ್ನೆಲ್ಲ ಎಣಿಸುವುದು ನನ್ನ ಅಭ್ಯಾಸ. ಹಾಲು ಒಡೆಯಲಿಲ್ಲ, ಅತ್ತೆಗೆ ಮಂಡಿನೋವು ಕಡಿಮೆ — ಇಂಥವೇ. ಅವತ್ತು, ಮನೆಯಲ್ಲಿ ಜಗಳ ಆಗಲಿಲ್ಲ ಅನ್ನುವುದನ್ನೂ ಸೇರಿಸಿ ಎಣಿಸಿದೆ. ವೀರಭದ್ರಸ್ವಾಮಿಯ ಪಟ ನೋಡಿಕೊಂಡೇ ಎಣಿಸಿದೆ. ಬರೆಯುವಾಗ ಕೈ ನಿಲ್ಲುವುದು ಇಲ್ಲಿ.

ಯಾಕೆ ಮಾಡಿದೆ? ಬಹಳ ವರ್ಷ ಗಂಡನ ಮಾನ ಉಳಿಸಲು ಅಂದುಕೊಂಡಿದ್ದೆ. ಅದು ಒಂದಿಷ್ಟು ನಿಜ. ಆದರೆ ಎದ್ದು ಹೋಗುವಾಗ ಅವರ ನೆನಪು ನನಗಿರಲಿಲ್ಲ. ನೀನು ಅಂಗಡಿಯ ಪರದೆಯ ಹಿಂದೆ ಹತ್ತು ಹೆಣ್ಣುಮಕ್ಕಳ ನಡುವೆ ಕೂತಿರುತ್ತೀಯ, ನಾನು ಇಲ್ಲಿ ಒಬ್ಬಳೇ ಹುಣಸೆಹಣ್ಣು — ಅದೇ ಇತ್ತು ಮನಸ್ಸಲ್ಲಿ. ಮಾವ ಒಂದು ದಿನವೂ ನನ್ನ ಕೆಲಸ ನೋಡಲು ಕುರ್ಚಿ ಮುಂದಕ್ಕೆ ಎಳೆದುಕೊಂಡಿರಲಿಲ್ಲ. ನೀನು ಒಂದೇ ಒಂದು ಸಲ ಸೋಲಲಿ ಅನ್ನಿಸಿತು. ಹೇಳುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ನನ್ನ ಹತ್ತಿರ ಇಲ್ಲ.

ಮುಂದಿನದು ನಿನಗೇ ಗೊತ್ತು. ಅಣ್ಣತಮ್ಮಂದಿರ ನಡುವೆ ಮಾತು ನಿಂತಿತು. ದಸರಾ ಬರುವುದರೊಳಗೆ ನೀವು ಕಲ್ಯಾಣದುರ್ಗಕ್ಕೆ ಹೋದಿರಿ, ಗೋಪಾಲ ರೇಡಿಯೋ ರಿಪೇರಿಗೆ ಕೂತ. ನೀನು ಆ ಡಬ್ಬಿಯನ್ನು ತೌರಿನ ಮಕ್ಕಳಿಗೆ ಕೊಟ್ಟುಬಿಟ್ಟೆಯಂತೆ. ಇಲ್ಲಿ ಪಕ್ಕದ ಬೀದಿಯಲ್ಲಿ ಯಾರೋ ಗೋಪಾಲ ಹೇಳಿದ ಹಾಗೆಯೇ ನಾಲ್ಕು ಟಿವಿ ಇಟ್ಟು ಅಂಗಡಿ ತೆರೆದರು, ನಿಲ್ಲಲು ಜಾಗವಿರುತ್ತಿರಲಿಲ್ಲ. ನಮ್ಮ ಪೆಟ್ಟಿಗೆಗೆ ಗೋಣಿತಾಟು ಹೊದಿಸಿದೆವು. ನಿನ್ನ ಭಾವನ ಮಾನವನ್ನೂ ನಾನು ಉಳಿಸಲಿಲ್ಲ.

ಆದರೂ ಹೇಳದೆ ಬದುಕಿದೆ. ಹೋದ ತಿಂಗಳು ನಿನ್ನ ಮಗನ ಮನೆಯ ಗೃಹಪ್ರವೇಶಕ್ಕೆ ಬರದಿದ್ದರೆ ಹಾಗೇ ಸಾಯುತ್ತಿದ್ದೆನೇನೋ. ಪುರೋಹಿತರು “ಯಜಮಾನಿತಿ ಬಲಗಾಲಿಡಮ್ಮ” ಅಂದಾಗ ನೀನು ಕಳಶವನ್ನು ಸೊಸೆಯ ಕೈಗಿಟ್ಟು ಪಕ್ಕಕ್ಕೆ ಸರಿದೆ. ನೀನೇ ಹೋಗು ಅಂದೆ ನಾನು. “ನನ್ನ ಕಾಲಿನ ವಿಷ್ಯ ನಿಂಗೊತ್ತಿಲ್ವಾ ಅಕ್ಕಾ? ಒಂದು ಮನೆ ಒಡೆದಿದ್ದು ಸಾಕು, ಹುಡುಗರದ್ದು ಯಾಕೆ?” ಅಂದು ನಕ್ಕೆ. ಸುತ್ತ ಇದ್ದವರೂ ನಕ್ಕರು. ನಾನೂ ನಕ್ಕೆ, ಸರೋಜ. ಇಷ್ಟು ವರ್ಷ ಆದಮೇಲೂ, ನಿನ್ನ ಪಕ್ಕ ನಿಂತು ನಕ್ಕೆ. ನೀನು ಮಗನ ಮನೆಗೆ ಎಲ್ಲರ ಹಿಂದೆ, ನೆಂಟರ ಹಾಗೆ ಒಳಗೆ ಹೋದೆ.

ಅಂದಿನಿಂದ ದೀಪದ ಮುಂದೆ ನಿಂತರೆ ಎಣಿಸಲು ಆಗುತ್ತಿಲ್ಲ. ಒಂದು ಎರಡು ಅನ್ನುವುದರೊಳಗೆ ತಪ್ಪುತ್ತದೆ.

ನಿನ್ನೆ ನಿನ್ನ ಭಾವನಿಗೆ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಕನ್ನಡಕ ತೆಗೆದು ಪಂಚೆಯ ಅಂಚಲ್ಲಿ ಒರೆಸಿದರು, ತಿರುಗಿ ಹಾಕಿಕೊಳ್ಳಲಿಲ್ಲ. ಆಮೇಲೆ ಕೇಳಿದರು: “ಆ ಹೊಳೆ ಆಚೆ ಏನಿತ್ತೇ?” ಇಷ್ಟು ವರ್ಷ ಅದು ಅವರೊಳಗೆ ಉಳಿದಿತ್ತೆಂದು ನನಗೆ ಗೊತ್ತಿರಲಿಲ್ಲ. ನಾನು ಹೇಳಲಿಲ್ಲ. ಸರೋಜನ್ನ ಕೇಳಿ, ಅವಳು ದಾಟಿದವಳು, ಅಂದೆ.

ಶುಕ್ರವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಅವರೂ ಬರುತ್ತೇನೆಂದರು, ಬೇಡವೆಂದೆ — ಇದು ನಾನೊಬ್ಬಳೇ ಮಾಡಿದ್ದು. ಓದುವ ಮೊದಲು ಗೋಪಾಲ, ನಿನ್ನ ಮಗ, ಸೊಸೆ, ಅಕ್ಕಪಕ್ಕದವರಿದ್ದರೆ ಅವರನ್ನೂ ಕರೆಯಲು ಹೇಳುತ್ತೇನೆ. ಗೃಹಪ್ರವೇಶದ ದಿನ ನಕ್ಕವರೆಲ್ಲ ಇದ್ದರೆ ಒಳ್ಳೆಯದು. ಇದನ್ನು ಮೊದಲಿಂದ ಕೊನೆಯವರೆಗೆ ಆ ಹೊಸ ಮನೆಯ ಬಾಗಿಲ ಹೊರಗೆ ನಿಂತು ಓದುತ್ತೇನೆ. ನಿನ್ನ ಬಾಯಿಂದ ಬಾ ಅನ್ನುವ ಮಾತು ಬರದಿದ್ದರೆ ಅದೇ ದಾರಿಯಲ್ಲಿ ತಿರುಗಿ ಬಸ್ ಸ್ಟ್ಯಾಂಡಿಗೆ ಹೋಗುತ್ತೇನೆ.