ಲಕ್ಷ್ಮಿಯ ಅಕ್ಕನಿಗೆ ಜಾಗವಿಲ್ಲ

ನನಗೆ ಕೋಪ ಬರುವುದು ಕಡಿಮೆ. ಬಂದರೆ ಬೇಗ ಇಳಿಯುವುದಿಲ್ಲ. ವಾಮಂಜೂರಿನ ನಮ್ಮ ಸಣ್ಣ ದೇವಸ್ಥಾನದ ಜೀರ್ಣೋದ್ಧಾರ ಸಮಿತಿಯ ಸಭೆ ಮುಗಿದು ತಿಂಗಳಾಯಿತು. ಈಗಲೂ ಚಹಾಕ್ಕೆ ಸಕ್ಕರೆ ಕಡಿಮೆಯಾದರೆ ನಾನು ಬೈಯುವುದು ಸಮಿತಿಯವರನ್ನೇ.

ಕಾರಣ ಒಂದು ಕಲ್ಲು. ದೇವಸ್ಥಾನದ ಬಾವಿಯ ಹಿಂದೆ, ಅಶ್ವತ್ಥದ ಬುಡದಲ್ಲಿ ಇದ್ದ ಮೊಣಕಾಲೆತ್ತರದ ವಿಗ್ರಹ. ಡೊಳ್ಳು ಹೊಟ್ಟೆ, ಜೋತ ತುಟಿ, ಪಕ್ಕದಲ್ಲಿ ಕಾಗೆಯ ಧ್ವಜ, ಕೈಯಲ್ಲಿ ಕಸ ಗುಡಿಸುವ ಹಿಡಿಸೂಡಿ. ಜ್ಯೇಷ್ಠಾದೇವಿ, ಲಕ್ಷ್ಮಿಯ ಅಕ್ಕ. ಒಂದು ಕಾಲದಲ್ಲಿ ಯಾರೋ ಶ್ರದ್ಧೆಯಿಂದ ಕೆತ್ತಿದ್ದಾರೆ, ಇನ್ಯಾರೋ ಕೈಮುಗಿದಿದ್ದಾರೆ. ಈಗ ಅವಳ ಹೆಸರೆತ್ತಿದರೆ ಜನ ಎದ್ದು ಹೋಗಲು ಚಪ್ಪಲಿ ಹುಡುಕುತ್ತಾರೆ.

ಪೂಜೆ ಸಿಗದ ದೇವರು ಇವಳೊಬ್ಬಳೇ ಅಲ್ಲ. ಬ್ರಹ್ಮ ಒಂದು ಸುಳ್ಳು ಹೇಳಿದನೆಂದು ಗುಡಿ ಕಳೆದುಕೊಂಡ. ಒಂದೇ ಸುಳ್ಳಿಗೆ! ದಿನಕ್ಕೆ ಹತ್ತು ಹೇಳುವವರಿಗೆ ನಮ್ಮಲ್ಲಿ ಶಾಲು, ಹಾರ, ವೇದಿಕೆ ಎಲ್ಲ ಉಂಟು. ದೇವೇಂದ್ರ ಈಗ ಪೂರ್ವ ದಿಕ್ಕಿನ ವಾಚ್‌ಮನ್. ಆದರೆ ಅವರನ್ನು ನಾವು ಮರೆತದ್ದು, ಇವಳನ್ನು ಓಡಿಸಿದ್ದು.

ಇವಳ ಕತೆ ನನ್ನ ಅಜ್ಜಿ ಹೇಳುತ್ತಿದ್ದುದು ಹೀಗೆ. ಸಮುದ್ರ ಕಡೆದಾಗ ಮೊದಲು ಬಂದವಳು ಇವಳು. ಅಕ್ಕನ ಮದುವೆಯಾಗದೆ ತಂಗಿ ಹಸೆಗೇರುವಂತಿಲ್ಲವಲ್ಲ, ವಿಷ್ಣು ಅವಸರದಲ್ಲಿ ಒಬ್ಬ ಋಷಿಯನ್ನು ಹುಡುಕಿ ಅವಳನ್ನು ಗಂಟುಹಾಕಿದ. ಆ ಮಹಾನುಭಾವ ಅವಳನ್ನು ಅಶ್ವತ್ಥದ ಕೆಳಗೆ ಕೂರಿಸಿ, “ಮನೆ ನೋಡಿಕೊಂಡು ಬರುತ್ತೇನೆ” ಎಂದು ಹೋದವನು ತಿರುಗಿ ಬರಲಿಲ್ಲ. ಓಡಿಹೋದವನು ಋಷಿಯಾಗಿಯೇ ಉಳಿದ, ಕಾದು ಕೂತವಳು ದರಿದ್ರಲಕ್ಷ್ಮಿಯಾದಳು!

ಇದನ್ನು ಕೇಳುವಾಗ ಚಿಕ್ಕಂದಿನಲ್ಲಿ ನಗುತ್ತಿದ್ದೆ. ಆಮೇಲೆ ನನ್ನ ಅಕ್ಕ ಪದ್ದಕ್ಕನ ಗಂಡ “ರೂಮು ನೋಡಿ ಕರೆಸ್ತೇನೆ” ಎಂದು ದುಬಾಯಿಗೆ ಹೋದ. ಎರಡು ಕಾಗದ ಬಂತು. ಆಮೇಲೆ ಅದೂ ಇಲ್ಲ. ಊರು ಅವನ ಬಗ್ಗೆ ಏನೂ ಹೇಳಲಿಲ್ಲ, ಅಕ್ಕನ ಕಾಲ್ಗುಣದ ಬಗ್ಗೆ ಮಾತಾಡಿತು. ಬಿಜೈಯಲ್ಲಿ ನಾನು ಮನೆ ಕಟ್ಟಿ ಒಕ್ಕಲಾದಾಗ, ಅವಳು ಮುತ್ತೈದೆಯೋ ಅಲ್ಲವೋ ಎಂದು ಹೆಂಗಸರು ಒಳಗೆ ಸೇರಿ ಚರ್ಚಿಸಿ, ಕೊನೆಗೆ ಅವಳ ಕೈಗೆ ಆರತಿ ತಟ್ಟೆ ಕೊಡಲಿಲ್ಲ. ತೆಂಗಿನಕಾಯಿ ತುರಿಯಲು ಕೊಟ್ಟರು. ನಾನು ಜಗಲಿಯಲ್ಲಿ ರೇಷ್ಮೆ ಶಾಲು ಸರಿಮಾಡಿಕೊಳ್ಳುತ್ತಿದ್ದೆ. ಎಲ್ಲ ಕೇಳಿಸುತ್ತಿತ್ತು.

ನಮ್ಮ ಜೊತೆಯೇ ಇರುವ ಅಕ್ಕ ಪ್ರತಿ ಶನಿವಾರ ಬಸ್ಸು ಹಿಡಿದು ಹೋಗಿ ಆ ಕಲ್ಲಿಗೊಂದು ಎಳ್ಳೆಣ್ಣೆಯ ದೀಪ ಇಡುತ್ತಿದ್ದಳು.

ಸಭೆಯಲ್ಲಿ ಅಧ್ಯಕ್ಷರು, ದೂರದ ಸಂಬಂಧದಲ್ಲಿ ನನಗೆ ಭಾವ, ವಿಷಯ ತೆಗೆದರು. ಕವಡೆ ಇಟ್ಟು ಪ್ರಶ್ನೆ ನೋಡಿದ ಜೋಯಿಸರು, ಕೆಲಸ ನಿಲ್ಲಲು ಆ ವಿಗ್ರಹವೇ ಕಾರಣ, ಹೊಳೆಗೆ ಬಿಡಿ ಎಂದಿದ್ದಾರಂತೆ. ಕೆಲಸ ನಿಂತದ್ದು ಕಂಟ್ರಾಕ್ಟರ್ ಬಾರದ್ದಕ್ಕೆ ಎಂದು ಊರಿಗೆಲ್ಲ ಗೊತ್ತು.

ಹಿಂದಿನ ಸಾಲಿನಿಂದ ಅಕ್ಕ ಎದ್ದಳು. “ಅವಳು ನಿಮಗೆ ಎಂತ ಮಾಡಿದ್ದಾಳೆ?”

“ಪದ್ದಕ್ಕ, ಅದು ದಾರಿದ್ರ್ಯ ಮಾರಾಯ್ರೆ. ದೀಪ ಇಟ್ಟು ಇಟ್ಟು ನಿಮಗೆ ಎಂತ ಸಿಕ್ಕಿತು, ಹೇಳಿ ನೋಡುವ?” ಎಂದರು ಅಧ್ಯಕ್ಷರು.

ಯಾರೋ ನಕ್ಕರು. ನನ್ನ ನೆತ್ತಿಗೇರಿತು. ಎದ್ದು ನಿಂತು ಪುರಾಣ, ಶಿಲ್ಪ, ಸ್ತ್ರೀ, ಸಮಾಜ ಎಲ್ಲವನ್ನೂ ಎಳೆದು ತಂದು ಹತ್ತು ನಿಮಿಷ ಬೈದೆ. ನಿಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ಹಿಡಿಸೂಡಿ ಬೇಕು, ಅದನ್ನು ಹಿಡಿದ ದೇವರು ಮಾತ್ರ ಬೇಡವೇ ಎಂದೂ ಕೇಳಿದೆ. ಅಧ್ಯಕ್ಷರು ತಾಳ್ಮೆಯಿಂದ ಕೇಳಿ, “ಆಯ್ತು ಭಾವ. ಅಷ್ಟು ಪ್ರೀತಿ ಉಂಟಾದ್ರೆ ನಿಮ್ಮ ಮನೆಗೇ ಕೊಂಡುಹೋಗಿ” ಎಂದರು.

ನನ್ನ ಬಾಯಿ ಕಟ್ಟಿತು. ಮಗಳಿಗೆ ಸಂಬಂಧ ಕೂಡಿಬಂದಿತ್ತು, ನಿಶ್ಚಯ ಹತ್ತಿರದಲ್ಲಿತ್ತು. ಇಂಥ ಹೊತ್ತಿನಲ್ಲಿ ಮನೆಗೆ... ಅಷ್ಟೇ ಯೋಚಿಸಿದ್ದು. ಆದರೆ ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಆ ಮೌನದ ಪರಿಚಯ ಹಳೆಯದು.

“ಕೂತ್ಕೋ ತಮ್ಮ, ಬಿ.ಪಿ. ಏರ್ತದೆ” ಎಂದು ಹೇಳಿ ಹೊರಗೆ ಹೋದಳು. ಹಿಂದೆಯೇ ಹೋಗಿ ನೋಡಿದರೆ, ಸೆರಗು ಬಿಗಿದು ಒಬ್ಬಳೇ ಕಲ್ಲನ್ನು ಅಲುಗಿಸುತ್ತಿದ್ದಾಳೆ. ಸಮಿತಿಯ ಮೇಲಿದ್ದ ಕೋಪದಲ್ಲಿ ಅರ್ಧ ತಿರುಗಿ ನನ್ನ ಮೇಲೆ ಬಿತ್ತು. ಇಬ್ಬರೂ ಸೇರಿ ಎತ್ತಿದೆವು. ಕಾರಿನ ಹಿಂದಿನ ಸೀಟಿನಲ್ಲಿ ಅಕ್ಕ ಅದನ್ನು ಮಗುವಿನ ಹಾಗೆ ತಬ್ಬಿ ಕೂತಳು. ಬಿಜೈ ತಲುಪಿ, ಇಬ್ಬರೂ ಸೇರಿ ಅದನ್ನು ನಮ್ಮ ಮನೆಯಂಗಳದಲ್ಲಿ ಇಳಿಸಿದೆವು.

ಕೆಲವು ದೇವರುಗಳಿಗೆ ಪೂಜೆ ಯಾಕಿಲ್ಲ ಎಂದರೆ ಶಾಪ ಎನ್ನುತ್ತಿದ್ದೆ. ಈಗ ಹಾಗೆ ಅನಿಸುವುದಿಲ್ಲ. ಲಕ್ಷ್ಮಿಯ ಮುಂದೆ ನಿಂತರೆ ಕೇಳಿಕೊಂಡರೆ ಸಾಕು. ಇವಳ ಮುಂದೆ ನಿಂತರೆ ಉತ್ತರ ಕೊಡಬೇಕಾಗುತ್ತದೆ. ಅದಕ್ಕೆ ಯಾರು ಹಣ್ಣುಕಾಯಿ ಹಿಡಿದುಕೊಂಡು ಸಾಲು ನಿಲ್ಲುತ್ತಾರೆ?

ನಾಡಿದ್ದು ಮಗಳ ನಿಶ್ಚಯ. ಆರತಿಗೆ ಯಾರು ಎಂಬ ಮಾತು ಬಂದಾಗ ಈ ಸಲ ನಾನು ಜಗಲಿಯಲ್ಲಿರಲಿಲ್ಲ, ಒಳಗೇ ಇದ್ದೆ. “ಪದ್ದಕ್ಕ” ಎಂದೆ. ಹೆಂಗಸರು ಮುಖ ಮುಖ ನೋಡಿದರು. ಅಕ್ಕನೇ, “ನನ್ನ ಕೈಯಲ್ಲಿ ಬೇಡ ಮಾರಾಯ, ಹುಡುಗನ ಕಡೆಯವರು ಎಂತ ಹೇಳಿಯಾರು” ಎಂದು ಹಿಂಜರಿದಳು.

ಮಗಳು ಬಿಡಲಿಲ್ಲ. “ಅಷ್ಟು ದೊಡ್ಡ ಕಲ್ಲು ಎತ್ತಿದ ಕೈಗೆ ಒಂದು ತಟ್ಟೆ ಭಾರವಾ ಅತ್ತೆ?”

ಹುಡುಗನ ಕಡೆಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ. ನನ್ನ ಹತ್ತಿರ ಕೋಪ ಇನ್ನೂ ಅರ್ಧಕ್ಕರ್ಧ ಉಳಿದಿದೆ.