ಜೀರಾ ನಳಕ್ಕೆ ಕಟ್ಟಿದ ಕರೀ ದಾರ

ಶಿಗ್ಗಾಂವ ಬಸ್‌ಸ್ಟ್ಯಾಂಡಿನ ಎದುರಿಗೆ ನಾನೂ ನನ್ನ ಮೈದುನನ ಹೆಂಡತಿಯೂ ಕೂಡಿ ಸೋಡಾ ಅಂಗಡಿ ಹಾಕಿದಾಗ ಓಣಿಯವರು ನಕ್ಕಿದ್ದರು. ಒಂದೇ ಒಲಿ ಮುಂದೆ ಕೂಡದ ನೆಗೆಣ್ಣಿಯರು ಒಂದೇ ಮಷೀನಿನ ಮುಂದೆ ಹೆಂಗ ನಿಂತಾರು ಅಂತ. ಅವರ ಮಾತೇನೂ ಸುಳ್ಳಲ್ಲ. ಅದಕ್ಕೇ ನಾವು ಜೊತೆಗೆ ನಿಲ್ಲುವ ಗೋಜಿಗೇ ಹೋಗಲಿಲ್ಲ. ಮುಂಜಾನೆಯಿಂದ ಎರಡು ಗಂಟೆಯವರೆಗೆ ನಾನು, ಅಲ್ಲಿಂದ ಸಂಜೆ ಮುಚ್ಚುವವರೆಗೆ ಅವಳು. ಎರಡಕ್ಕೆ ಕೀಲಿಕೈ ಅವಳ ಕೈಗಿಟ್ಟು, ‘ಐಸ್ ಐತಿ, ಗ್ಲಾಸ್ ತೊಳದೇನಿ’ ಅಂತ ಎರಡು ಮಾತಾಡಿ ನಾನು ಮನೆಗೆ ಹೋಗುತ್ತಿದ್ದೆ.

ಮಷೀನಿಗೆ ಎಂಟು ನಳ. ಲಿಂಬಿ, ಜೀರಾ, ಕಿತ್ತಳೆ, ಮಾವು, ಕಾಲಾ ಖಟ್ಟಾ, ಹೀಗೆ. ಗ್ಲಾಸು ಹಿಡಿದು ಒತ್ತಿದರೆ ಬುಸ್ಸೆಂದು ನೊರೆ ಏರುತ್ತದೆ. ಕುಡಿಯುವವರಿಗೆ ಅಷ್ಟೇ ಕಾಣುತ್ತದೆ. ಒಳಗೆ ಸಕ್ಕರೆ ಪಾಕ ಹರಿಯುವ ಬೆರಳು ದಪ್ಪದ ಪೈಪುಗಳಿವೆ, ಪ್ರತಿ ನಳದ ತುದಿಗೆ ತಿರುವಿ ಬಿಚ್ಚುವ ಕರೀ ಮೂತಿ, ಮೂತಿಯೊಳಗೆ ಒಂದು ರಬ್ಬರ್ ರಿಂಗು. ಪಾಕ ಎಲ್ಲಿ ನಿಂತಿತೋ ಅಲ್ಲಿ ಒಂದೇ ದಿನಕ್ಕೆ ಲೋಳೆ ಕಟ್ಟುತ್ತದೆ. ಮಷೀನು ಕೂಡಿಸಿಕೊಟ್ಟ ಹಿರೇಕೆರೂರಿನ ಮೆಕ್ಯಾನಿಕ್ ಇಬ್ಬರನ್ನೂ ನಿಲ್ಲಿಸಿಕೊಂಡು ಹೇಳಿದ್ದ. ಸಂಜೆ ಮುಚ್ಚುವ ಮುಂದೆ ಮೂತಿ ಬಿಚ್ಚಿ ಬಿಸಿನೀರಿನಲ್ಲಿ ತಿಕ್ಕಬೇಕು. ಒಂದು ಬಕೆಟ್ ನೀರಿಗೆ ಒಂದು ಚಮಚ ಕ್ರಿಮಿ ಕೊಲ್ಲುವ ಔಷಧಿ ಪುಡಿ ಹಾಕಿ ಪೈಪಿನಲ್ಲಿ ಬಿಡಬೇಕು. ಸ್ವಲ್ಪ ಹೊತ್ತು ಬಿಟ್ಟು, ವಾಸನೆ ಹೋಗುವ ತನಕ ಬರೀ ನೀರು ಹರಿಸಬೇಕು. ಸಂಜೆಯ ಪಾಳಿ ಅವಳದಾದ್ದರಿಂದ ತೊಳೆಯುವ ಕೆಲಸವೂ ಅವಳ ಪಾಲಿಗೇ ಬಂತು.

ನನ್ನ ಸಂಶಯ ಅಲ್ಲಿಂದಲೇ ಶುರುವಾಯಿತು. ಮನೆಯಲ್ಲಿ ಅವಳು ಹಾಲಿನ ಪಾತ್ರೆ ತೊಳೆದರೆ ತಳದಲ್ಲಿ ಕೆನೆಯ ಪದರ ಹಾಗೇ ಇರುತ್ತಿತ್ತು. ಅಥವಾ ಇರುತ್ತಿತ್ತು ಅಂತ ನನ್ನ ನಂಬಿಕೆ. ಒಂದೇ ಮನೆಯಲ್ಲಿ ಕೂಡಿದ್ದಾಗ ಅವಳು ತೊಳೆದಿಟ್ಟ ಪಾತ್ರೆಯನ್ನು ನಾನು ಮತ್ತೊಮ್ಮೆ ತೊಳೆಯುತ್ತಿದ್ದೆ, ಅವಳಿಗೆ ಕಾಣದ ಹಾಗೆ. ಈಗಲೂ ಅದನ್ನೇ ಮಾಡಿದೆ. ಮುಂಜಾನೆ ಬಾಗಿಲು ತೆಗೆದ ಕೂಡಲೇ ಒಂದು ಚಮಚ ಪುಡಿ ಕಲಸಿ ಪೈಪಿಗೆ ಬಿಟ್ಟು, ಗಿರಾಕಿ ಬರುವುದರೊಳಗೆ ಗಡಿಬಿಡಿಯಲ್ಲಿ ಒಂದೆರಡು ತಂಬಿಗೆ ನೀರು ಹರಿಸಿಬಿಡುತ್ತಿದ್ದೆ. ಅವಳಿಗೆ ಹೇಳಲಿಲ್ಲ. ಹೇಳಿದರೆ ಜಗಳ.

ಹಾನಗಲ್ ಬಸ್ಸಿನ ಕಂಡಕ್ಟರೊಬ್ಬರು ದಿನಾ ಎರಡು ಸಲ ಬರುತ್ತಿದ್ದರು, ಮುಂಜಾನೆ ಹೋಗುವಾಗ ಒಂದು ಜೀರಾ ಸೋಡಾ, ಸಂಜೆ ಬರುವಾಗ ಒಂದು. ಒಂದು ದಿನ ಮುಂಜಾನೆ ಅರ್ಧ ಕುಡಿದು ಗ್ಲಾಸು ಕೆಳಗಿಟ್ಟರು.

“ಅಕ್ಕಾರ, ಇದೇನ್ರಿ, ದವಾಖಾನಿ ವಾಸನಿ ಹೊಡ್ಯಾಕತ್ತೈತಿ?”

“ಇಲ್ಲಲ್ರಿ, ಜೀರಾದ್ದ ಘಾಟು ಅದು.”

“ನಾ ಏನ್ ಇವತ್ತ ಕುಡ್ಯಾಕತ್ತೇನ್ರಿ? ಸಂಜೀಕ ಛಲೋ ಇರ್ತದ. ಮುಂಜಾನಿ ಅಷ್ಟ ಹಿಂಗ.” ಅವರು ಗ್ಲಾಸನ್ನು ಬೆಳಕಿಗೆ ಹಿಡಿದರು. ತಳದಲ್ಲಿ ಸಾಸಿವೆಯ ಸಿಪ್ಪೆಯಷ್ಟು ಕರೀ ಚೂರೊಂದು ತಿರುಗುತ್ತಿತ್ತು. “ಇದೂ ಜೀರಾನ ಏನ್ರಿ?”

ನನ್ನ ಮುಖ ಸುಟ್ಟಂತಾಯಿತು. ಬೇರೆ ಗ್ಲಾಸು ಕೊಡಲು ಹೋದರೆ ಅವರು ಬೇಡವೆಂದು ಎದ್ದರು. ಸಂಜೆ ಛಲೋ ಇರುವುದು ಮುಂಜಾನೆಗೆ ಕೆಡುತ್ತದೆ ಅಂದರೆ ಏನರ್ಥ? ನಾನು ನನಗೆ ಬೇಕಾದ ಅರ್ಥವನ್ನೇ ಮಾಡಿಕೊಂಡೆ. ಮೂತಿ ಬಿಚ್ಚುವುದೇ ಇಲ್ಲ ಈಕೆ, ಔಷಧಿ ಸುರಿದು ಹಾಗೇ ಬಿಟ್ಟು ಮನೆಗೆ ಓಡುತ್ತಾಳೆ, ಒಳಗಿನ ಹೊಲಸು ಚೂರು ಚೂರಾಗಿ ಬರುತ್ತಿದೆ. ನಾನು ಮುಂಜಾನೆ ಮಾಡುತ್ತಿದ್ದ ಕೆಲಸ ಆಗ ನನ್ನ ನೆನಪಿಗೆ ಸಹ ಬರಲಿಲ್ಲ.

ಹಿಡಿಯಬೇಕು ಅನಿಸಿತು. ಮರುದಿನ ಎರಡು ಗಂಟೆಗೆ ಮುಂಚೆ, ಹೊಲಿಗೆ ಡಬ್ಬಿಯಿಂದ ತಂದ ಒಂದು ಎಳೆ ಕರೀ ದಾರವನ್ನು ಜೀರಾ ನಳಕ್ಕೂ ಮೂತಿಗೂ ಸಂದು ಸೇರುವಲ್ಲಿ ಸುತ್ತಿ ಒಂದು ಗಂಟು ಹಾಕಿದೆ. ಮೂತಿ ಕರಿದಾದ್ದರಿಂದ ದಾರ ಕಣ್ಣಿಗೆ ಬೀಳುವುದಿಲ್ಲ. ತಿರುವಿ ಬಿಚ್ಚಿದರೆ ದಾರ ಉಳಿಯುವುದಿಲ್ಲ.

ಮುಂಜಾನೆ ಬಂದು ನೋಡಿದರೆ ದಾರ ಇದ್ದಲ್ಲೇ ಇತ್ತು. ಮರುದಿನವೂ ಇತ್ತು. ಮೂರನೇ ದಿನವೂ. ಒಂದು ಥರದ ಸಮಾಧಾನವಾಯಿತು ನನಗೆ, ಈಗ ನಾಚಿಕೆಯಾಗುವಂಥ ಸಮಾಧಾನ. ನಾಲ್ಕನೇ ದಿನ ಬಗ್ಗಿ ನೋಡಿದೆ. ನಾನು ಹಾಕಿದ್ದು ಒಂದು ಗಂಟು. ಅಲ್ಲಿದ್ದದ್ದು ಎರಡು.

ಅಂದರೆ ಅವಳಿಗೆ ಗೊತ್ತಾಗಿದೆ! ಗೊತ್ತಾಗಿಯೂ ಏನೂ ಕೇಳದೆ, ಮೂತಿ ಬಿಚ್ಚದೆ ಮೇಲೊಂದು ಗಂಟು ಹಾಕಿ ನನ್ನನ್ನೇ ಆಡಿಸುತ್ತಿದ್ದಾಳೆ. ತಡಮಾಡದೆ ಮೆಕ್ಯಾನಿಕ್‌ಗೆ ಫೋನು ಹಚ್ಚಿದೆ. ಎರಡು ಗಂಟೆಗೆ ಸರಿಯಾಗಿ ಬರಬೇಕು, ಅವಳ ಮುಂದೆಯೇ ಮಷೀನು ಬಿಚ್ಚಬೇಕು ಅಂದೆ.

ಅವಳು ಅವನಿಗಿಂತ ಮುಂಚೆ ಬಂದಳು. ನಾನು ಕೀಲಿಕೈ ಕೊಡಲಿಲ್ಲ.

“ದಿನಾ ಮೂತಿ ಬಿಚ್ಚಿ ತೊಳ್ಯಾಕತ್ತೀಯೇನ?”

“ತೊಳ್ಯಾಕತ್ತೇನಕ್ಕಾ. ಯಾಕ?”

“ಸುಳ್ಳ ಹೇಳಬ್ಯಾಡ. ಈ ದಾರ ಹೆಂಗ ಉಳೀತು ಹಂಗಾರ?”

ದಾರದ ಹೆಸರೆತ್ತಿದ್ದೇ ತಡ, ಅವಳ ಮುಖದ ಬಣ್ಣವೇ ಹೋಯಿತು. ಹಿಂದೆ ಸರಿದು ಬಾಗಿಲಿಗೆ ಆತು ನಿಂತಳು.

“ನೀನ ಕಟ್ಟೀಯೇನು ಅದನ್ನ? ನನಗ ಗೊತ್ತಿತ್ತು. ಕರೀ ದಾರ ನೋಡಿದ ದಿನಾನ ಗೊತ್ತಿತ್ತು. ನಿನಗೇನ್ ಮಾಡಿದ್ನಕ್ಕಾ ನಾ? ಯಾರ ಕಡೆ ಹೋಗಿ ಮಾಟಾ ಮಾಡ್ಸೀದಿ?”

“ಮಾಟಾ?”

“ಮತ್ತೇನದು? ಬಿಚ್ಚಿ ಒಗದ್ರ ಮಕ್ಕಳಿಗೆ ಏನಾಗ್ತದೋ ಅಂತ ಅಂಜಿ, ದಿನಾ ಕೈ ಮುಗದು ಬಿಚ್ಚಿ, ಮೂತಿ ತೊಳದು, ಮತ್ತ ಅದ ಜಾಗಾಕ್ಕ ಕಟ್ಟಾಕತ್ತೇನಿ. ನಿನ್ನೆ ಗಂಟು ನಿಲ್ಲವಲ್ದಾತು, ಎರಡು ಹಾಕಿದೆ. ಸೋಮವಾರ ಹುಲಗೂರಿಗೆ ಹೋಗಿ ದರ್ಗಾದಾಗ ಮಾಟಾ ಹೋಗಲಿ ಅಂತ ಸಕ್ಕರಿ ಓದಿಸ್ಕೊಂಡು ಬಂದೇನಿ, ಗೊತ್ತೈತೇನ್ ನಿನಗ?”

ಅವಳು ಅಳುತ್ತಿರಲಿಲ್ಲ. ಸಿಟ್ಟಿನಿಂದ ಗಲ್ಲ ಅದುರುತ್ತಿತ್ತು. ನಾನು ಏನೋ ಹೇಳಲು ಹೋದೆ, ಅವಳು ಬಿಡಲಿಲ್ಲ. ಕೌಂಟರಿನ ಕೆಳಗಿಂದ ಔಷಧಿ ಪುಡಿಯ ಡಬ್ಬಿ ಎತ್ತಿ ನನ್ನ ಮುಂದಿಟ್ಟಳು. ಅದರ ಮೈಮೇಲೆ, ದಿನಾ ಮುಟ್ಟಿದರೂ ನಾನು ಗಮನಿಸದಿದ್ದ, ನೀಲಿ ಪೆನ್ನಿನಿಂದ ಎಳೆದ ಗೀಟುಗಳು, ಒಂದರ ಕೆಳಗೊಂದು.

“ದಿನಾ ಸಂಜೀಕ ನಾ ಪುಡಿ ಎಷ್ಟೈತಿ ಅಂತ ಗೀಟು ಹೊಡದ ಹೋಗ್ತೇನಿ. ಮರುದಿನ ಬಂದ್ರ ಗೀಟಿನ ಕೆಳಗ ಇಳದಿರ್ತದ. ಮುಂಜಾನಿ ಇಲ್ಲೇನ್ ಮಾಡ್ತಿ ನೀ? ಯಾರಿಗೆ ಕುಡಸ್ತಿ ಅದನ್ನ?”

ನಾನು ಒಂದು ದಾರ ಕಟ್ಟಿ ಕಾಯುತ್ತಿದ್ದಾಗ, ಅವಳು ಅದಕ್ಕಿಂತ ಮೊದಲೇ ನನ್ನನ್ನು ಅಳೆಯುತ್ತಿದ್ದಳು. ಗೀಟುಗಳನ್ನು ನೋಡುತ್ತಾ ನಿಂತೆ. ಒಂದೊಂದು ಗೀಟಿಗೂ ನನ್ನ ಒಂದೊಂದು ಮುಂಜಾನೆ.

“ನಾನೂ ತೊಳ್ಯಾಕತ್ತಿದ್ದೆ” ಅಂದೆ ಕಡೆಗೆ. “ನೀ ತೊಳದದ್ದರ ಮ್ಯಾಲ.”

“ನಾ ತೊಳದದ್ದು ನಿನಗ ನಡ್ಯಂಗಿಲ್ಲೇನು?”

ಅಷ್ಟರಲ್ಲಿ ಮೆಕ್ಯಾನಿಕ್ ಬೈಕ್ ನಿಲ್ಲಿಸಿ ಒಳಗೆ ಬಂದ. ಇಬ್ಬರ ಮುಖ ನೋಡಿ ಬ್ಯಾಗು ತೆರೆದ. ಎಂಟೂ ಮೂತಿ ಬಿಚ್ಚಿ ಬಿಳೀ ಬಟ್ಟೆಯ ಮೇಲೆ ಸಾಲಾಗಿ ಇಟ್ಟ. ಪೈಪಿನ ತುದಿ ಬಿಡಿಸಿ ಟಾರ್ಚು ಹಾಕಿ ನೋಡಿದ, ಬೆರಳು ಆಡಿಸಿ ಮೂಸಿದ. ಅಷ್ಟೆಲ್ಲ ಕೇಳಿದ ಮೇಲೂ, ಎಲ್ಲಾದರೂ ಒಂದಿಷ್ಟು ಲೋಳೆ ಸಿಗಲಿ ಅಂತ ಮನಸ್ಸಿನ ಒಂದು ಮೂಲೆ ಬೇಡುತ್ತಿತ್ತು. ಅದನ್ನು ಮುಚ್ಚಿಟ್ಟು ಬರೆದರೆ ಈ ಬರಹ ಸುಳ್ಳಾದೀತು.

“ಮಷೀನ್ ಕನ್ನಡಿ ಇದ್ದಂಗೈತ್ರಿ” ಅಂದ ಅವನು. “ಇಷ್ಟು ಸ್ವಚ್ಛ ಇಟ್ಟೋರ್ನ ನಾ ನೋಡಿಲ್ಲ. ಆದ್ರ ಇದನ್ನ ನೋಡ್ರಿಲ್ಲೆ.” ಜೀರಾ ಮೂತಿಯೊಳಗಿನ ರಿಂಗನ್ನು ಸೂಜಿಯಿಂದ ಎತ್ತಿ ಎರಡು ಬೆರಳಲ್ಲಿ ಹಿಸುಕಿದ. ಒಣಗಿದ ಕಾಡಿಗೆಯಂತೆ ಅದು ಪುಡಿಪುಡಿಯಾಗಿ ಉದುರಿತು. “ಔಷಧಿ ಹೆಚ್ಚಾಗಿ ರಬ್ಬರ್ ತಿಂದೈತಿ. ದಿನಕ್ಕ ಎಷ್ಟು ಸಲ ಹಾಕ್ತೀರಿ?”

ಅವಳು ಬಾಯಿ ತೆರೆಯಲಿಲ್ಲ. ಹೇಳಬಹುದಿತ್ತು, ನನ್ನ ಮಾನ ಅಲ್ಲೇ ತೆಗೆಯಬಹುದಿತ್ತು. ಸುಮ್ಮನೆ ನನ್ನ ಕಡೆ ನೋಡಿದಳು.

“ಎರಡು ಸಲರಿ. ಮುಂಜಾನಿದ್ದು ನಂದು” ಅಂದೆ.

“ನೀರು ಪೂರಾ ಹರಸ್ತಿದ್ರೇನ್ರಿ ಆಮ್ಯಾಲ?”

“ಇಲ್ಲ.”

ರಿಂಗುಗಳನ್ನೆಲ್ಲ ಬದಲಿಸಲು ಎರಡು ದಿನ ಅಂಗಡಿ ಮುಚ್ಚಿದ್ದೆವು. ಮೂರನೇ ದಿನ ಮುಂಜಾನೆ ಕಂಡಕ್ಟರು ಬಂದಾಗ, ವಾಸನೆಯೂ ಆ ಕರೀ ಚೂರೂ ನನ್ನ ಕೈಕೆಲಸವೇ ಅಂತ ನಾನೇ ಹೇಳಿದೆ. ಅವರು ನಗಲಿಲ್ಲ. ಹೊಟ್ಟೆಗೆ ಏನೂ ಆಗಿಲ್ಲ ಬಿಡ್ರಿ ಅಂದು ಬಸ್ಸಿಗೆ ಹೋದರು. ಒಂದು ವಾರ ಅವರ ಬಸ್ಸು ನಿಂತರೂ ಅವರು ಇಳಿಯಲಿಲ್ಲ. ಆಮೇಲೊಂದು ಸಂಜೆ ಅವಳ ಪಾಳಿಯಲ್ಲಿ ಬಂದು ಕುಡಿದರಂತೆ. ನನ್ನ ಪಾಳಿಗೆ ಬರಲು ಮತ್ತೂ ಒಂದು ತಿಂಗಳು ಹಿಡಿಯಿತು.

ತೊಳೆಯುವ ಹೊತ್ತನ್ನು ಬದಲಿಸೋಣ ಅಂದವಳು ಅವಳೇ. ಎರಡು ಗಂಟೆಗೆ ಇಬ್ಬರೂ ಇರುತ್ತೇವೆ, ಅರ್ಧ ತಾಸು ಮಷೀನು ಬಂದ್ ಮಾಡಿ ಕಣ್ಣೆದುರಿಗೇ ತೊಳೆಯೋಣ, ಸಂಜೆ ಬರೀ ಬಿಸಿನೀರು ಸಾಕು. ಮೆಕ್ಯಾನಿಕ್‌ನನ್ನು ಕೇಳಿದೆವು, ಆತ ಆಗಲಿ ಅಂದ. ಮೊದಮೊದಲು ಇಬ್ಬರೂ ಒಬ್ಬರ ಕೈ ಒಬ್ಬರು ಕಾಯುತ್ತಲೇ ತೊಳೆದೆವು. ಅವಳು ಬ್ರಶ್ಶನ್ನು ಮೂತಿಯೊಳಗೆ ಹೊಗಿಸಿ ಎಡಕ್ಕೆ ಮೂರು ಸುತ್ತು, ಬಲಕ್ಕೆ ಮೂರು ಸುತ್ತು ತಿರುವುತ್ತಿದ್ದಳು. ನಾನು ಅಷ್ಟು ಚೊಕ್ಕ ಯಾವತ್ತೂ ತಿಕ್ಕಿದವಳಲ್ಲ.

ಹೋದ ಬೇಸಿಗೆ ಅವಳ ಅವ್ವನಿಗೆ ಆರಾಮಿಲ್ಲದೆ ಹತ್ತು ದಿನ ತವರಿಗೆ, ಸವಣೂರಿಗೆ ಹೋದಳು. ಮೊದಲ ದಿನವೇ ಎರಡು ಗಂಟೆಗೆ ಫೋನು ಬಂತು, ಮುಖ ಕಾಣುವ ಫೋನು. ಅವ್ವನ ಸುದ್ದಿ ಹೇಳಿದಳು, ಇವತ್ತು ಎರಡು ತುತ್ತು ಅನ್ನ ಉಂಡಳಂತೆ. ಆಮೇಲೆ ಧ್ವನಿ ಬದಲಿಸಿ, “ಅಕ್ಕಾ, ಮೂತಿ ತೋರಸು” ಅಂದಳು.

ನಾನು ಒಂದೊಂದಾಗಿ ಎಂಟನ್ನೂ ಫೋನಿನ ಮುಂದೆ ಹಿಡಿದೆ. ಅವಳು ಕಣ್ಣು ಕಿರಿದು ಮಾಡಿ ನೋಡಿದಳು.

“ಮಾವಿಂದು ಇನ್ನೊಮ್ಮೆ ತಿಕ್ಕು” ಅಂದಳು.

ನನಗೆ ಅದರಲ್ಲಿ ಏನೂ ಕಾಣಲಿಲ್ಲ. ಆದರೂ ಬ್ರಶ್ಶು ತಗೊಂಡೆ.